ಪಟ್ಟಿಗೆ ಎಣ್ಣೆ ಹೊಡೆಸಿದ ಮೇಲೆ ಗಾಡಿ ಕುಣಿಯುವುದೇಕೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವನು. ನನ್ನ ಬಳಿ ಚಿಕ್ಕದೊಂದು ನಾಲ್ಕು ಚಕ್ರದ ಗೂಡ್ಸ್ ಗಾಡಿ ಇದೆ. ಹಿಂದಿನ ಆಕ್ಸೆಲ್‌ಗೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಮತ್ತು ಎರಡು ಶಾಕ್ ಅಬ್ಸಾರ್ಬರ್ ಇವೆ. ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಒಯ್ಯುತ್ತೇನೆ, ಬರುವಾಗ ಕಿರಾಣಿ ಸಾಮಾನು ಮತ್ತು ವಾರಕ್ಕೆರಡು ಸಲ ಮೊಟ್ಟೆಯ ಟ್ರೇಗಳನ್ನು ತರುತ್ತೇನೆ. ಎರಡು ತಿಂಗಳ ಹಿಂದೆ ವಾಟರ್ ಸರ್ವಿಸ್ ಮಾಡಿಸಿ, ಪಟ್ಟಿಗಳಿಗೆ ಹಳೆಯ ಎಂಜಿನ್ ಆಯಿಲ್ ಹೊಡೆಸಿದೆ. ಅಂದಿನಿಂದ ಲೋಡ್ ಇದ್ದಾಗ ಒಂದು ಹಂಪ್ ಹಾರಿಸಿದರೆ ಗಾಡಿ ನಾಲ್ಕೈದು ಸಲ ಕುಣಿಯುತ್ತದೆ. ಮೊದಲು ಎರಡೇ ಸಲಕ್ಕೆ ನಿಲ್ಲುತ್ತಿತ್ತು. ಒಬ್ಬ ಮೇಸ್ತ್ರಿ ಇನ್ನೊಂದು ಪಟ್ಟಿ ಸೇರಿಸಿ ಎನ್ನುತ್ತಾರೆ. ಇನ್ನೊಬ್ಬರು, ಕುಣಿತದ ವೇಗ ಮೊದಲಿನಂತೆಯೇ ಇದೆ, ಆದ್ದರಿಂದ ಶಾಕ್ ಸರಿಯಾಗಿದೆ ಎನ್ನುತ್ತಾರೆ. ಮೂರನೆಯವರು ಶಾಕ್ ಬಿಚ್ಚಿ ಗಟ್ಟಿ ಎಣ್ಣೆ ತುಂಬಿದರೆ ಕುಣಿತವೇ ಇರುವುದಿಲ್ಲ ಎಂದು ಹೇಳುತ್ತಾರೆ. ಎಣ್ಣೆ ಹೊಡೆಸಿದ್ದರಿಂದ ಶಾಕ್ ಹಾಳಾಯಿತೇ? ಇವರಲ್ಲಿ ಯಾರ ಮಾತು ಸರಿ? ಸರ್ವಿಸ್‌ಗೆ ಮೊದಲು, ಲೋಡ್ ಕಡಿಮೆ ಇರುವಾಗಲೇ ಮೊಟ್ಟೆ ಹೆಚ್ಚು ಒಡೆಯುತ್ತಿದ್ದವು, ಅದಕ್ಕೆ ಕಾರಣವೇನು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೇಸ್ತ್ರಿಗಳ ಮೂರು ಅಭಿಪ್ರಾಯಗಳಲ್ಲ, ನೀವು ಕೊನೆಯಲ್ಲಿ ಬರೆದ ಮೊಟ್ಟೆಯ ಮಾತು. ಎಣ್ಣೆ ಹೊಡೆಸುವ ಮೊದಲು ಗಾಡಿ ಹೆಚ್ಚು ಕುಣಿಯುತ್ತಿರಲಿಲ್ಲ, ಆದರೂ ಮೊಟ್ಟೆ ಒಡೆಯುತ್ತಿದ್ದವು. ಎಣ್ಣೆ ಹೊಡೆಸಿದ ಮೇಲೆ ಕುಣಿತ ಹೆಚ್ಚಾಯಿತು. ಈ ಎರಡನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ಶಾಕ್ ಅಬ್ಸಾರ್ಬರ್‌ಗಳು ಎರಡು ತಿಂಗಳ ಹಿಂದೆ ಕೆಟ್ಟಂತೆ ಕಾಣುವುದಿಲ್ಲ. ಅವು ಅದಕ್ಕೂ ಬಹಳ ಮೊದಲೇ ಸೊರಗಿದ್ದು, ತುಕ್ಕು ಹಿಡಿದ ಪಟ್ಟಿಗಳ ಘರ್ಷಣೆ ಆ ಸಂಗತಿಯನ್ನು ಮುಚ್ಚಿಟ್ಟಿತ್ತು ಎಂಬುದು ನನ್ನ ಅನುಮಾನ. ಎಣ್ಣೆ ಆ ಮುಚ್ಚಳವನ್ನು ತೆಗೆಯಿತು, ಅಷ್ಟೇ. ಅನುಮಾನವನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆಗಳನ್ನು ಮುಂದೆ ಹೇಳುತ್ತೇನೆ. ಅವಕ್ಕೆ ಹಣ ಖರ್ಚಾಗುವುದಿಲ್ಲ.

ಮೊದಲು ಹಂಪ್ ದಾಟಿದ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ. ಚಕ್ರ ಹಂಪಿನಿಂದ ಇಳಿದ ಮೇಲೆ ರಸ್ತೆ ಗಾಡಿಯನ್ನು ತಳ್ಳುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ಆದರೂ ಗಾಡಿ ಏರಿಳಿಯುತ್ತಲೇ ಇರುತ್ತದೆ. ಹೊರಗಿನ ತಳ್ಳಾಟವಿಲ್ಲದೆ ನಡೆಯುವ ಈ ಅಲುಗಾಟಕ್ಕೆ ಮುಕ್ತ ಕಂಪನ ಎಂದು ಹೆಸರು. ನಾಗರ ಪಂಚಮಿಯ ಜೋಕಾಲಿಯನ್ನು ಒಮ್ಮೆ ಜೀಕಿ ಕೈಬಿಟ್ಟಂತೆ ಇದು. ಬಾಗಿದ ಪಟ್ಟಿಯಲ್ಲಿ ಅಡಗಿದ ಶಕ್ತಿ ಬಾಡಿಯನ್ನು ಮೇಲಕ್ಕೆ ಎಸೆಯುತ್ತದೆ, ಚಲಿಸುತ್ತಿರುವ ಬಾಡಿ ತನ್ನ ಶಕ್ತಿಯನ್ನು ಮತ್ತೆ ಪಟ್ಟಿಗೆ ಹಿಂತಿರುಗಿಸುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಸೋರಿಕೆಯೇ ಇಲ್ಲದಿದ್ದರೆ ಜಗಳೂರಿನಲ್ಲಿ ಹಾರಿಸಿದ ಹಂಪಿಗೆ ಗಾಡಿ ದಾವಣಗೆರೆಯವರೆಗೂ ಕುಣಿಯಬೇಕು. ಸೋರಿಕೆ ಇದೆ, ಅದನ್ನೇ ಅವಮಂದನ ಅಥವಾ ಡ್ಯಾಂಪಿಂಗ್ ಎನ್ನುತ್ತೇವೆ. ಸೋರಿದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ.

ಈ ಸೋರಿಕೆಯ ದಾರಿಗಳು ಒಂದೇ ಬಗೆಯವಲ್ಲ. ಉಕ್ಕು ತನ್ನೊಳಗೇ ಸ್ವಲ್ಪ ಶಕ್ತಿಯನ್ನು ನುಂಗುತ್ತದೆ, ಆದರೆ ಅದು ನಗಣ್ಯ. ಬೂದು ಬೀಡು ಕಬ್ಬಿಣ ಅದಕ್ಕಿಂತ ಎಷ್ಟೋ ಹೆಚ್ಚು ನುಂಗುತ್ತದೆ, ಏಕೆಂದರೆ ಅದರೊಳಗೆ ಗ್ರಾಫೈಟಿನ ತೆಳುವಾದ ಚಕ್ಕೆಗಳಿವೆ. ಹರಿಹರದಲ್ಲಿ ತಯಾರಾದ ಹಳೆಯ ಲೇತ್‌ಗಳು ನಮ್ಮ ವರ್ಕ್‌ಶಾಪುಗಳಲ್ಲಿ ಇಂದಿಗೂ ಇವೆ. ಅವುಗಳ ಬೆಡ್ಡಿಗೆ ಸುತ್ತಿಗೆಯಿಂದ ತಟ್ಟಿದರೆ ಮಂಕಾದ ಸದ್ದು ಬರುತ್ತದೆ, ಪಕ್ಕದಲ್ಲಿರುವ ಉಕ್ಕಿನ ಸರಳಿಗೆ ತಟ್ಟಿದರೆ ಗಂಟೆಯಂತೆ ಬಹಳ ಹೊತ್ತು ಮೊಳಗುತ್ತದೆ. ಲೇತಿನ ಬೆಡ್ಡನ್ನು ಬೀಡಿನಲ್ಲಿ ಎರಕ ಹೊಯ್ಯುವುದಕ್ಕೆ ಈ ಗುಣವೂ ಒಂದು ಕಾರಣ. ನಿಮ್ಮ ಪಟ್ಟಿ ಉಕ್ಕಿನದು, ಆದ್ದರಿಂದ ಆ ದಾರಿಯನ್ನು ಮರೆತುಬಿಡಬಹುದು. ಲೆಕ್ಕಕ್ಕೆ ಬರುವುದು ಎರಡು: ಶಾಕ್ ಅಬ್ಸಾರ್ಬರಿನೊಳಗೆ ಸಣ್ಣ ರಂಧ್ರಗಳ ಮೂಲಕ ನುಸುಳುವ ಎಣ್ಣೆಯ ತಡೆ, ಮತ್ತು ಒಂದರ ಮೇಲೊಂದು ಕೂತ ಪಟ್ಟಿಗಳು ಪರಸ್ಪರ ಉಜ್ಜುವಾಗ ಹುಟ್ಟುವ ಘರ್ಷಣೆ. ಎರಡೂ ಕುಣಿತವನ್ನು ಅಡಗಿಸುತ್ತವೆ, ಆದರೆ ಅಡಗಿಸುವ ರೀತಿ ಬೇರೆ ಬೇರೆ.

ಎಣ್ಣೆಯ ತಡೆ ವೇಗವನ್ನು ಅನುಸರಿಸುತ್ತದೆ. ಬಾಡಿ ಜೋರಾಗಿ ಚಲಿಸಿದರೆ ಜೋರಾಗಿ ತಡೆಯುತ್ತದೆ, ನಿಧಾನವಾಗಿ ಚಲಿಸಿದರೆ ಮೆಲ್ಲಗೆ ತಡೆಯುತ್ತದೆ, ನಿಂತರೆ ತಡೆಯೇ ಇಲ್ಲ. ಒಣ ಘರ್ಷಣೆಗೆ ಈ ವಿವೇಚನೆ ಇಲ್ಲ. ಜೋರಾದ ಚಲನೆಗೂ ನಿಧಾನದ ಚಲನೆಗೂ ಅದು ಹೆಚ್ಚುಕಡಿಮೆ ಅಷ್ಟೇ ಬಲದಿಂದ ತಡೆಯೊಡ್ಡುತ್ತದೆ. 18ನೇ ಶತಮಾನದ ಫ್ರಾನ್ಸಿನ ಎಂಜಿನಿಯರ್ ಕೂಲಂಬ್ ಇದನ್ನು ವಿವರವಾಗಿ ಪರೀಕ್ಷಿಸಿದ್ದರಿಂದ ಇಂಥ ಅವಮಂದನವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಇದನ್ನು ಸಾಲದ ಲೆಕ್ಕದಲ್ಲಿ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಶಾಕ್ ಅಬ್ಸಾರ್ಬರ್, ಉಳಿದ ಬಾಕಿಯಲ್ಲಿ ಪ್ರತಿಸಲವೂ ಇಂತಿಷ್ಟು ಪಾಲು ಎಂದು ತೀರಿಸುವವನಂತೆ: ಐದು ಸೆಂಟಿಮೀಟರಿನ ಏರಿಳಿತ ಮುಂದಿನ ಸಲಕ್ಕೆ ಎರಡೂವರೆ, ಅದರ ಮುಂದಿನ ಸಲಕ್ಕೆ ಒಂದೂಕಾಲು, ಹೀಗೆ ಅನುಪಾತದಲ್ಲಿ ಇಳಿಯುತ್ತದೆ. ಘರ್ಷಣೆ, ಬಾಕಿ ಎಷ್ಟೇ ಇರಲಿ ಒಂದೇ ಮೊತ್ತದ ಕಂತು ಕಟ್ಟುವವನಂತೆ: ಐದು, ನಾಲ್ಕು, ಮೂರು, ಎರಡು ಎಂದು ಸಮನಾದ ಮೆಟ್ಟಿಲುಗಳಲ್ಲಿ ಇಳಿದು ಥಟ್ಟನೆ ನಿಂತುಬಿಡುತ್ತದೆ. ನಿಲ್ಲುವುದೂ ಸರಿಯಾದ ಜಾಗದಲ್ಲಲ್ಲ; ಸ್ವಲ್ಪ ಮೇಲೋ ಕೆಳಗೋ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ.

ಇದಕ್ಕೆ ಒಂದು ಅಂದಾಜಿನ ಲೆಕ್ಕ ಕೊಡುತ್ತೇನೆ. ಅಂಕಿಗಳು ನಿಮ್ಮ ಗಾಡಿಯವಲ್ಲ, ಆ ಗಾತ್ರದ ಗಾಡಿಗೆ ಹೊಂದುವಂತೆ ನಾನು ಹಿಡಿದವು. ಹಿಂದಿನ ಆಕ್ಸೆಲ್ ಮೇಲಿನ ತೂಕ ಖಾಲಿಯಿದ್ದಾಗ 400 ಕಿಲೊ, ಲೋಡ್ ಇದ್ದಾಗ 1000 ಕಿಲೊ ಎಂದಿಟ್ಟುಕೊಳ್ಳಿ. ಎರಡೂ ಕಡೆಯ ಪಟ್ಟಿಗಳು ಸೇರಿ ಒಂದು ಸೆಂಟಿಮೀಟರ್ ಕುಗ್ಗಲು 800 ನ್ಯೂಟನ್ ಬಲ, ಅಂದರೆ ಸುಮಾರು 80 ಕಿಲೊ ಭಾರ, ಬೇಕು ಎಂದುಕೊಳ್ಳಿ. ಆಗ ಖಾಲಿ ಗಾಡಿ ಸೆಕೆಂಡಿಗೆ ಸುಮಾರು 2.25 ಸಲ, ತುಂಬಿದ ಗಾಡಿ ಸುಮಾರು 1.4 ಸಲ ಏರಿಳಿಯುತ್ತದೆ. ತುಕ್ಕು ಹಿಡಿದ ಪಟ್ಟಿಗಳ ಘರ್ಷಣೆ 400 ನ್ಯೂಟನ್ ಇದ್ದರೆ ಪ್ರತಿ ಸುತ್ತಿಗೆ, ಅಂದರೆ ಒಂದು ಸಲ ಏರಿ ಇಳಿಯುವಷ್ಟರಲ್ಲಿ, ಏರಿಳಿತ ಎರಡು ಸೆಂಟಿಮೀಟರ್ ಇಳಿಯುತ್ತದೆ. ಐದು, ಮೂರು, ಒಂದು, ಮುಗಿಯಿತು. ಶಾಕ್ ಅಬ್ಸಾರ್ಬರ್ ಸತ್ತಿದ್ದರೂ ಎರಡೇ ಕುಣಿತಕ್ಕೆ ಗಾಡಿ ನಿಂತಿತು! ನೀವು ಸರ್ವಿಸ್‌ಗೆ ಮೊದಲು ನೋಡುತ್ತಿದ್ದದ್ದು ಇದೇ ಇರಬೇಕು. ಎಣ್ಣೆ ಬಿದ್ದು ಆ ಘರ್ಷಣೆ ಕಾಲು ಭಾಗಕ್ಕೆ ಇಳಿದರೆ ಪ್ರತಿ ಸುತ್ತಿಗೆ ಕಳೆಯುವುದು ಅರ್ಧ ಸೆಂಟಿಮೀಟರ್ ಮಾತ್ರ, ಉಳಿದದ್ದನ್ನು ಶಾಕ್ ಅಬ್ಸಾರ್ಬರ್ ತೀರಿಸಬೇಕು. ಅದರಲ್ಲಿ ಶಕ್ತಿ ಇಲ್ಲ.

ಮೊಟ್ಟೆ ಒಡೆಯುತ್ತಿದ್ದ ಗುಟ್ಟೂ ಇಲ್ಲಿಯೇ ಇದೆ. 400 ನ್ಯೂಟನ್ನಿನ ಘರ್ಷಣೆಯನ್ನು ಮೀರುವವರೆಗೆ ಪಟ್ಟಿಗಳು ಒಂದರ ಮೇಲೊಂದು ಜಾರುವುದಿಲ್ಲ. ಸಣ್ಣ ಜಲ್ಲಿ, ತೇಪೆ ಹಾಕಿದ ಡಾಂಬರು, ಹೊಲದ ದಾರಿಯ ಅಲೆಅಲೆಯಾದ ಮೇಲ್ಮೈ ಇವುಗಳಿಂದ ಬರುವ ಬಲ ಅಷ್ಟಿರುವುದಿಲ್ಲ. ಆಗ ಪಟ್ಟಿಯ ಕಟ್ಟು ಒಂದೇ ಗಟ್ಟಿ ದಿಮ್ಮಿಯಂತಾಗಿ, ಬಾಡಿ ಮತ್ತು ಆಕ್ಸೆಲ್ ಬೆಸುಗೆ ಹಾಕಿದಂತೆ ಒಟ್ಟಿಗೆ ಚಲಿಸಿ, ಗಾಡಿ ಬರೀ ಟೈರಿನ ಗಾಳಿಯ ಮೇಲೆ ನಡೆಯುತ್ತದೆ. ಟೈರಿಗೆ ಸ್ಪ್ರಿಂಗಿನ ಗುಣ ಚೆನ್ನಾಗಿದೆ, ಅವಮಂದನ ಬಹಳ ಕಡಿಮೆ. ಲೋಡಿಗೆಂದು ತುಂಬಿಸಿದ ಗಾಳಿಯಲ್ಲೇ ನೀವು ಮೊಟ್ಟೆ ತರುತ್ತೀರಿ ಎಂದೂ ಊಹಿಸುತ್ತೇನೆ. ಹಾಗಿದ್ದರೆ ಟೈರೂ ಕಲ್ಲಾಗಿರುತ್ತದೆ. ಕಣ್ಣಿಗೆ ಕಾಣುವ ಕುಣಿತ ಇಲ್ಲದಿದ್ದರೂ ಕಂಡೂ ಕಾಣದ ಬಿರುಸಿನ ನಡುಕ ಟ್ರೇಗಳವರೆಗೆ ತಲುಪುತ್ತದೆ. ತುಂಬಿದ ಗಾಡಿಯಲ್ಲಿ ಅದೇ ಬಲ ಹೆಚ್ಚು ತೂಕವನ್ನು ಅಲುಗಿಸಬೇಕಾದ್ದರಿಂದ ನಡುಕ ಕಡಿಮೆ. ಆದ್ದರಿಂದ ಕುಣಿಯದ ಗಾಡಿಯೆಲ್ಲ ಮೆತ್ತನೆಯ ಗಾಡಿ ಎಂದು ತಿಳಿಯಬಾರದು.

ಈಗ ಮೇಸ್ತ್ರಿಗಳ ಮಾತಿಗೆ ಬರುತ್ತೇನೆ. ಅವರನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಮೂವರ ಮಾತಿನ ಹಿಂದೆಯೂ ಕಣ್ಣಾರೆ ಕಂಡ ಅನುಭವವಿದೆ, ಅದರಿಂದ ತೆಗೆದ ತೀರ್ಮಾನ ಮಾತ್ರ ದಾರಿ ತಪ್ಪಿದೆ.

ಕುಣಿತದ ವೇಗ ಬದಲಾಗಿಲ್ಲ, ಆದ್ದರಿಂದ ಶಾಕ್ ಸರಿಯಿದೆ ಎಂಬ ಮಾತನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಕೇಳುವುದಕ್ಕೆ ಅದು ಬಹಳ ತರ್ಕಬದ್ಧವಾಗಿದೆ. ಸೆಕೆಂಡಿಗೆ ಎಷ್ಟು ಸಲ ಏರಿಳಿಯಬೇಕೆಂಬುದನ್ನು ಪಟ್ಟಿಯ ಬಿಗಿ ಮತ್ತು ಮೇಲಿನ ತೂಕ ನಿರ್ಧರಿಸುತ್ತವೆ. ಅವಮಂದನದ ಪಾತ್ರ ಅದರಲ್ಲಿ ಅತ್ಯಲ್ಪ. ಕುಣಿತವೇ ಹುಟ್ಟದಂತೆ ಮಾಡಲು ಬೇಕಾದ ಕನಿಷ್ಠ ಅವಮಂದನವನ್ನು ಕ್ರಾಂತಿಕ ಅವಮಂದನ ಎನ್ನುತ್ತಾರೆ. ಗಾಡಿಯಲ್ಲಿ ಅದರ 30 ಶೇಕಡಾದಷ್ಟು ಅವಮಂದನವಿದ್ದರೆ ಕುಣಿತದ ವೇಗ ಐದು ಶೇಕಡಾಕ್ಕಿಂತಲೂ ಕಡಿಮೆ ತಗ್ಗುತ್ತದೆ. 10 ಶೇಕಡಾ ಇದ್ದರೆ ತಗ್ಗುವುದು ಅರ್ಧ ಶೇಕಡಾ. ಇದನ್ನು ಸೀಟಿನಲ್ಲಿ ಕುಳಿತ ಮನುಷ್ಯ ಗುರುತಿಸಲಾರ. ಒಳ್ಳೆಯ ಶಾಕ್ ಇದ್ದಾಗಲೂ ಸತ್ತ ಶಾಕ್ ಇದ್ದಾಗಲೂ ಗಾಡಿ ಹೆಚ್ಚುಕಡಿಮೆ ಅದೇ ತಾಳದಲ್ಲಿ ಕುಣಿಯುತ್ತದೆ. ಎಷ್ಟು ಹೊತ್ತು ಕುಣಿಯುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಘರ್ಷಣೆಯಂತೂ ತಾಳವನ್ನು ಬದಲಿಸುವುದೇ ಇಲ್ಲ. ಹಾಗಾಗಿ ಆ ಮೇಸ್ತ್ರಿ ಗಮನಿಸಿದ್ದು ನಿಜ, ಆದರೆ ಅದು ಪಟ್ಟಿ ಮುರಿದಿಲ್ಲ ಎಂಬುದಕ್ಕೆ ಸಾಕ್ಷಿಯೇ ಹೊರತು ಶಾಕಿನ ಆರೋಗ್ಯಕ್ಕೆ ಸಾಕ್ಷಿಯಲ್ಲ.

ಇನ್ನೊಂದು ಪಟ್ಟಿ ಸೇರಿಸುವ ಸಲಹೆ ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಗಾಡಿ ಕೂತುಹೋಗಿದ್ದರೆ, ಲೋಡಿನಲ್ಲಿ ಆಕ್ಸೆಲ್ ಮೇಲಿನ ರಬ್ಬರ್ ಸ್ಟಾಪಿಗೆ ಬಡಿಯುತ್ತಿದ್ದರೆ, ಪಟ್ಟಿಯ ಕಡೆಗೆ ನೋಡಬೇಕಾದದ್ದು ಸರಿ. ಭಾರ ಹೊರುವುದು ಪಟ್ಟಿಯೇ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಗ್ಯಾಸ್ ತುಂಬಿದ ಶಾಕ್ ಸ್ವಲ್ಪ ಎತ್ತಿಹಿಡಿದಂತೆ ಕಂಡರೂ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಆದರೆ ನಿಮ್ಮ ದೂರು ಕುಣಿತದ ಬಗ್ಗೆ. ಅಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಎಣ್ಣೆಯ ಅವಮಂದನದಲ್ಲಿ ಕುಣಿತ ಎಷ್ಟು ಬೇಗ ಅಡಗುತ್ತದೆ ಎಂಬುದು ಶಾಕಿನ ಬಲ ಮತ್ತು ತೂಕ ಇವೆರಡನ್ನೇ ಅವಲಂಬಿಸಿದೆ, ಸ್ಪ್ರಿಂಗಿನ ಬಿಗಿ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಪಟ್ಟಿ ಸೇರಿಸಿ ಬಿಗಿಯನ್ನು ಕಾಲು ಭಾಗ ಹೆಚ್ಚಿಸಿದರೆ ಗಾಡಿ ಸುಮಾರು 12 ಶೇಕಡಾ ಬೇಗ ಬೇಗ ಕುಣಿಯುತ್ತದೆ, ಅಡಗಲು ಮಾತ್ರ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಅಂದರೆ ಅದೇ ಹೊತ್ತಿನಲ್ಲಿ ಕುಣಿತ ಸ್ವಲ್ಪ ಹೆಚ್ಚೇ ಆಗುತ್ತದೆ. ಹೊಸ ಪಟ್ಟಿ ತನ್ನ ಉಜ್ಜಾಟವನ್ನೂ ತರುವುದರಿಂದ ಮೊದಲ ಕೆಲವು ವಾರ ಕುಣಿತ ಕಡಿಮೆಯಾದಂತೆ ತೋರಬಹುದು. ಮೇಸ್ತ್ರಿಯ ನಂಬಿಕೆಗೆ ಮೂಲ ಇದೇ ಎಂದು ನನಗನ್ನಿಸುತ್ತದೆ. ಮೊಟ್ಟೆಗಳಿಗೆ ಮಾತ್ರ ಅದು ಮೊದಲಿಗಿಂತ ಕೆಟ್ಟ ಸವಾರಿ. ಇದರ ಜೊತೆಗೆ ಪಟ್ಟಿ ಸೇರಿಸಿದ ಗಾಡಿಗೆ ಮಾಲೀಕರು ಹೆಚ್ಚು ಚೀಲ ಹೇರುವುದು ಸಾಮಾನ್ಯ. ಪಟ್ಟಿ ತಡೆದುಕೊಂಡರೂ ಬ್ರೇಕು, ಟೈರು, ಆಕ್ಸೆಲ್ ಬೇರಿಂಗುಗಳು ಹಳೆಯವೇ ಆಗಿರುತ್ತವೆ ಎಂಬುದು ಆಗ ನೆನಪಿರುವುದಿಲ್ಲ.

ತೂಕದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಖಾಲಿ ಗಾಡಿಯಲ್ಲಿ ಕ್ರಾಂತಿಕ ಮಟ್ಟದ 30 ಶೇಕಡಾ ಆಗುವ ಶಾಕ್, ಮೇಲೆ ಹೇಳಿದ ತೂಕಗಳಲ್ಲಿ, ತುಂಬಿದ ಗಾಡಿಯಲ್ಲಿ 19 ಶೇಕಡಾಕ್ಕೆ ಇಳಿಯುತ್ತದೆ. ಖಾಲಿಯಿದ್ದಾಗ ಐದು ಸೆಂಟಿಮೀಟರಿನ ಕುಣಿತ ಒಂದೇ ಸುತ್ತಿಗೆ ಮುಕ್ಕಾಲು ಸೆಂಟಿಮೀಟರಿಗೆ ಬಂದರೆ, ತುಂಬಿದಾಗ ಒಂದೂವರೆ ಸೆಂಟಿಮೀಟರಿಗೆ ಬರುತ್ತದೆ. ಇದು ಹೊಸ ಶಾಕಿನ ಕಥೆ. ಅದೇ ಶಾಕ್ ಸವೆದು ನಾಲ್ಕರಲ್ಲಿ ಒಂದು ಪಾಲಿನ ಬಲ ಮಾತ್ರ ಉಳಿದಿದ್ದು, ಘರ್ಷಣೆಯ ನೆರವೂ ಇಲ್ಲವೆಂದಾದರೆ, ತುಂಬಿದ ಗಾಡಿಯ ಏರಿಳಿತ ಐದರಿಂದ 3.7, ಆಮೇಲೆ 2.75, ಆಮೇಲೆ ಎರಡು, ಆಮೇಲೆ ಒಂದೂವರೆ ಎಂದು ಇಳಿಯುತ್ತದೆ. ನೀವು ಬರೆದ ನಾಲ್ಕೈದು ಕುಣಿತಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಲೋಡ್ ಇದ್ದಾಗಲೇ ದೋಷ ಎದ್ದು ಕಾಣುವುದು ಈ ಕಾರಣಕ್ಕೆ.

ಗಟ್ಟಿ ಎಣ್ಣೆಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಮೂರರಲ್ಲಿ ಹೆಚ್ಚು ಅಪಾಯವಿರುವುದು ಅದರಲ್ಲೇ. ಕುಣಿತವೇ ಇರದಂತೆ ಮಾಡಲು ಸಾಧ್ಯ, ಸುಳ್ಳಲ್ಲ. ಬ್ಯಾಂಕಿನ ಗಾಜಿನ ಬಾಗಿಲಿನ ಮೇಲಿರುವ ಡೋರ್ ಕ್ಲೋಸರ್ ಅದನ್ನೇ ಮಾಡುತ್ತದೆ: ಬಾಗಿಲು ಅತ್ತಿತ್ತ ತೂಗದೆ ಮೆಲ್ಲಗೆ ಬಂದು ಮುಚ್ಚಿಕೊಳ್ಳುತ್ತದೆ. ಅದರ ಸ್ಕ್ರೂ ಹೆಚ್ಚು ಬಿಗಿದರೆ ಏನಾಗುತ್ತದೆಂದು ನೋಡಿದ್ದೀರಾ? ಬಾಗಿಲು ಅರ್ಧದಲ್ಲೇ ತೂಕಡಿಸುತ್ತದೆ. ಒಬ್ಬರು ಹೋಗಿ ಅದು ಮುಚ್ಚುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಕ್ರಾಂತಿಕ ಮಟ್ಟಕ್ಕಿಂತ ಅವಮಂದನ ಹೆಚ್ಚಾದಷ್ಟೂ ವ್ಯವಸ್ಥೆ ತನ್ನ ಜಾಗಕ್ಕೆ ಮರಳುವುದು ತಡವಾಗುತ್ತದೆ. ಬಾಗಿಲಿಗೆ ತಡವಾದರೆ ನಷ್ಟವಿಲ್ಲ. ಗಾಡಿಗೆ ಹಾಗಲ್ಲ. ಗುಂಡಿಯಲ್ಲಿ ಚಕ್ರ ಕೆಳಗಿಳಿಯಬೇಕಾದಾಗ ಇಳಿಯದೆ ಒಂದು ಕ್ಷಣ ಗಾಳಿಯಲ್ಲಿ ನೇತಾಡುತ್ತದೆ, ಆ ಕ್ಷಣದಲ್ಲಿ ಬ್ರೇಕ್ ಹಿಡಿದರೂ ಉಪಯೋಗವಿಲ್ಲ. ಸಾಲು ಸಾಲು ಗುಂಡಿಗಳಿದ್ದರೆ ಕುಗ್ಗಿದ ಪಟ್ಟಿ ಅರಳುವುದಕ್ಕೆ ಮೊದಲೇ ಮುಂದಿನ ಏಟು ಬೀಳುತ್ತದೆ. ಗಾಡಿ ಏಟಿನಿಂದ ಏಟಿಗೆ ಕುಸಿಯುತ್ತ ಹೋಗಿ ಕೊನೆಗೆ ರಬ್ಬರ್ ಸ್ಟಾಪಿನ ಮೇಲೆ ಕೂರುತ್ತದೆ. ಕಾರುಗಳಲ್ಲಿ ಅವಮಂದನವನ್ನು ಸಾಮಾನ್ಯವಾಗಿ ಕ್ರಾಂತಿಕ ಮಟ್ಟದ 20ರಿಂದ 40 ಶೇಕಡಾದ ನಡುವೆ ಇಡುತ್ತಾರೆ. ಒಂದು ಸಣ್ಣ ಮರುಕುಣಿತ ಉಳಿಯುತ್ತದೆಂದು ಗೊತ್ತಿದ್ದೇ ಹಾಗೆ ಮಾಡುತ್ತಾರೆ.

ಎಷ್ಟೋ ವರ್ಷಗಳ ಹಿಂದೆ ಚಿತ್ರದುರ್ಗದ ಕಡೆಯ ಮಿನಿಬಸ್ ಒಂದು ನನ್ನ ಬಳಿ ಬಂದಿತ್ತು. ಶಾಕಿಗೆ ಗೇರ್ ಆಯಿಲ್ ತುಂಬಿಸಿದ್ದರು. ಬೆಳಿಗ್ಗೆ ಹೊರಡುವಾಗ ಗಾಡಿ ಕಲ್ಲಿನಂತೆ ಕುಟ್ಟುತ್ತಿತ್ತು, ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನ ಹೊತ್ತಿಗೆ ಎಣ್ಣೆ ಕಾದು ತೆಳ್ಳಗಾಗಿ ಮತ್ತೆ ಕುಣಿಯುತ್ತಿತ್ತು. ತಿಂಗಳೊಳಗೆ ಸೀಲುಗಳು ಹೋದವು, ಶಾಕ್ ಹಿಡಿದಿಡುವ ಮೇಲಿನ ಬ್ರ್ಯಾಕೆಟ್ ಚಾಸಿಸ್‌ನ ಬಳಿ ಬಿರುಕು ಬಿಟ್ಟಿತು. ಶಾಕಿನ ಬಲವನ್ನು ನಿರ್ಧರಿಸುವುದು ಎಣ್ಣೆಯ ಗಟ್ಟಿತನವೊಂದೇ ಅಲ್ಲ, ಒಳಗಿನ ಕವಾಟ ಮತ್ತು ರಂಧ್ರಗಳು. ಅರಳುವಾಗ ಹೆಚ್ಚು, ಕುಗ್ಗುವಾಗ ಕಡಿಮೆ ತಡೆಯುವಂತೆ ಅವುಗಳನ್ನು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಗಟ್ಟಿ ಎಣ್ಣೆ ಆ ಹೊಂದಾಣಿಕೆಯನ್ನೇ ಕೆಡಿಸುತ್ತದೆ. ನಿಮ್ಮಂಥ ಗಾಡಿಗಳ ಶಾಕ್‌ಗಳು ಸಾಮಾನ್ಯವಾಗಿ ಸೀಲ್ ಮಾಡಿದವು, ಬಿಚ್ಚಲು ಬರುವುದಿಲ್ಲ. ಕೊರೆದು, ತುಂಬಿ, ಬೆಸುಗೆ ಹಾಕುತ್ತಾರೆ. ಗ್ಯಾಸ್ ತುಂಬಿದ ಶಾಕನ್ನು ಕೊರೆಯುವುದಾಗಲಿ ಬೆಂಕಿ ತೋರಿಸುವುದಾಗಲಿ ಜೀವಕ್ಕೆ ಅಪಾಯ. ಯಾರು ಎಷ್ಟು ಧೈರ್ಯ ಹೇಳಿದರೂ ಇದಕ್ಕೆ ಒಪ್ಪಬೇಡಿ.

ಪರೀಕ್ಷೆಗಳಿಗೆ ಬರೋಣ. ಮೊದಲನೆಯದು ಶಾಕಿನ ಎರಡೂ ತುದಿಗಳ ರಬ್ಬರ್ ಬುಷ್‌ಗಳನ್ನು ನೋಡುವುದು. ಬುಷ್ ಹರಿದು ಬೋಲ್ಟ್ ಅಲ್ಲಾಡುವಂತಿದ್ದರೆ ಮೊದಲ ಕೆಲವು ಮಿಲಿಮೀಟರ್ ಚಲನೆಯನ್ನು ಶಾಕ್ ಗಮನಿಸುವುದೇ ಇಲ್ಲ. ಒಳ್ಳೆಯ ಶಾಕ್ ಕೂಡ ಆಗ ಅರ್ಧ ನಿರುಪಯೋಗಿ. ಟಕ್ ಟಕ್ ಎಂಬ ಸದ್ದು ಇದರ ಗುರುತು. ನಾನು ನೋಡಿದ ಗಾಡಿಗಳಲ್ಲಿ ಇಡೀ ಶಾಕ್ ಬದಲಿಸಿಯೂ ಕುಣಿತ ನಿಲ್ಲದೆ, ಕೊನೆಗೆ ಬುಷ್ ಹಾಕಿದಾಗ ನಿಂತದ್ದಿದೆ. ಶಾಕಿನ ಮೈಮೇಲೆ ಎಣ್ಣೆಯ ಹನಿ ಇಳಿದ ಗುರುತು ಇದೆಯೇ ಎಂಬುದನ್ನೂ ನೋಡಿ, ಆದರೆ ನಿಮ್ಮ ಗಾಡಿಗೆ ಹಳೆಯ ಆಯಿಲ್ ಹೊಡೆದಿರುವುದರಿಂದ ಮೊದಲು ಒರೆಸಿ, ಎರಡು ದಿನ ಓಡಿಸಿ ಆಮೇಲೆ ನೋಡಬೇಕು.

ಎರಡನೆಯದು ಕೈಯಿಂದ ಮುಟ್ಟುವ ಪರೀಕ್ಷೆ. ಐದು ಸೆಂಟಿಮೀಟರಿನ ಒಂದು ಕುಣಿತದಲ್ಲಿ ನಮ್ಮ ಲೆಕ್ಕದ ಪಟ್ಟಿಗಳು ಸುಮಾರು 100 ಜೂಲ್ ಶಕ್ತಿಯನ್ನು ಹಿಡಿದಿರುತ್ತವೆ, ಅಂದರೆ ಹತ್ತು ಕಿಲೊ ಜೋಳವನ್ನು ಒಂದು ಮೀಟರ್ ಎತ್ತಿದಷ್ಟು. ಶಾಕ್ ಕೆಲಸ ಮಾಡುತ್ತಿದ್ದರೆ ಇದೆಲ್ಲ ಅದರ ಎಣ್ಣೆಯಲ್ಲಿ ಬಿಸಿಯಾಗಬೇಕು. ಲೋಡ್ ಹೇರಿಕೊಂಡು ಹದಗೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೊಮೀಟರ್ ಬಂದು ನಿಲ್ಲಿಸಿದ ತಕ್ಷಣ ಎರಡೂ ಶಾಕ್‌ಗಳ ಮೈಯನ್ನು ಹುಷಾರಾಗಿ ಮುಟ್ಟಿ ನೋಡಿ. ಸೈಲೆನ್ಸರ್ ಕೊಳವೆ ಹತ್ತಿರವಿದ್ದರೆ ಕೈ ಸುಟ್ಟುಕೊಳ್ಳಬೇಡಿ, ಆ ಕಡೆಯ ಶಾಕ್ ಅದರ ಶಾಖದಿಂದಲೂ ಬಿಸಿಯಾಗಿರಬಹುದು. ಚಾಸಿಸ್‌ಗಿಂತ ಶಾಕ್ ಬೆಚ್ಚಗಿರಬೇಕು. ತಣ್ಣಗಿರುವ ಶಾಕ್ ದುಡಿದಿಲ್ಲ.

ಮೂರನೆಯದು ನನಗೆ ಇಷ್ಟವಾದದ್ದು. ಗಾಡಿಯ ಹಿಂಭಾಗವನ್ನು ಕೈಯಿಂದ ಅದುಮಿ ಬಿಡುವ ಪರೀಕ್ಷೆ ಕಾರಿಗೆ ಸರಿ, ಪಟ್ಟಿಯ ಗಾಡಿಗೆ ಸಾಲದು. ನಮ್ಮ ಕೈಬಲದ ಬಹುಪಾಲು ಪಟ್ಟಿಗಳ ಘರ್ಷಣೆಯನ್ನು ಮೀರುವುದಕ್ಕೇ ಹೋಗಬಹುದು. ಬದಲಾಗಿ ಐದು ಸೆಂಟಿಮೀಟರ್ ದಪ್ಪದ ಎರಡು ಹಲಗೆಗಳನ್ನು ಸಮತಟ್ಟಾದ ಜಾಗದಲ್ಲಿಟ್ಟು, ಹಿಂದಿನ ಎರಡೂ ಚಕ್ರಗಳು ಅವುಗಳ ಮೇಲೆ ಹತ್ತಿ, ನಡಿಗೆಯ ವೇಗದಲ್ಲಿ ಒಟ್ಟಿಗೆ ಇಳಿಯುವಂತೆ ಗಾಡಿಯನ್ನು ಬಿಡಿ. ಇಳಿದ ಮೇಲೆ ಬ್ರೇಕ್ ಹಿಡಿಯಬೇಡಿ, ನ್ಯೂಟ್ರಲ್‌ನಲ್ಲಿ ಕೆಲವು ಮೀಟರ್ ಉರುಳಲಿ. ಚಕ್ರದ ಮೇಲ್ಭಾಗದ ಬಾಡಿಗೆ ಒಂದು ಸ್ಕೇಲನ್ನು ನೇರವಾಗಿ ಇಳಿಬೀಳುವಂತೆ ಅಂಟಿಸಿ, ಹಬ್ಬಿನ ನಡುಮಧ್ಯಕ್ಕೆ ಸುಣ್ಣದ ಬೊಟ್ಟು ಇಟ್ಟು, ಪಕ್ಕದಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಸಿ. ಮನೆಗೆ ಬಂದು ಚಿತ್ರ ಚಿತ್ರವಾಗಿ ಸರಿಸುತ್ತ, ಬಾಡಿ ಪ್ರತಿಸಲ ಎಷ್ಟು ಎತ್ತರಕ್ಕೆ ಏರಿತು ಎಂಬುದನ್ನು ಕೊನೆಗೆ ನಿಂತ ಮಟ್ಟದಿಂದ ಅಳೆದು ಬರೆದುಕೊಳ್ಳಿ. ಒಂದು ಏರಿಕೆಗೂ ಮುಂದಿನ ಏರಿಕೆಗೂ ಇರುವ ಅನುಪಾತ ಒಂದೇ ಸಮನಾಗಿದ್ದರೆ ಅಡಗಿಸುತ್ತಿರುವುದು ಶಾಕಿನೊಳಗಿನ ಎಣ್ಣೆ; ವ್ಯತ್ಯಾಸ ಒಂದೇ ಸಮನಾಗಿದ್ದರೆ ಅಡಗಿಸುತ್ತಿರುವುದು ಘರ್ಷಣೆ. ನಿಜವಾದ ಗಾಡಿಯಲ್ಲಿ ಎರಡೂ ಬೆರೆತಿರುತ್ತವೆ, ದೊಡ್ಡ ಏರಿಳಿತದಲ್ಲಿ ಎಣ್ಣೆಯ ಕೈ ಮೇಲಾಗಿ, ಕೊನೆಕೊನೆಯ ಸಣ್ಣ ಏರಿಳಿತವನ್ನು ಘರ್ಷಣೆ ಹಿಡಿದು ನಿಲ್ಲಿಸುತ್ತದೆ. ಲೋಡಿನಲ್ಲಿ ಎರಡನೆಯ ಏರಿಕೆ ಮೊದಲನೆಯದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಶಾಕ್‌ಗಳಿಗೆ ಇನ್ನೂ ಆಯುಸ್ಸಿದೆ. ಅರ್ಧಕ್ಕಿಂತ ಹೆಚ್ಚಿದ್ದರೆ ಬದಲಿಸುವ ಕಾಲ ಬಂದಿದೆ.

ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ, ಕಂಪನಿ ಹೇಳಿದ ಅಳತೆಯದ್ದನ್ನೇ, ಹೊಸ ಬುಷ್ ಸಮೇತ ಹಾಕಿಸಿ. ಒಂದನ್ನೇ ಹಾಕಿಸಿದರೆ ಗುಂಡಿಯಲ್ಲಿ ಗಾಡಿ ಓರೆಯಾಗಿ ಕುಣಿಯುತ್ತದೆ. ಹೆವಿ ಡ್ಯೂಟಿ ಎಂದು ಮಾರುವ ಶಾಕ್ ಬೇಕೇ ಎಂದು ಅಂಗಡಿಯವರು ಕೇಳುತ್ತಾರೆ. ನಮ್ಮ ಲೆಕ್ಕದ ಗಾಡಿಗೆ ಒಂದೂವರೆ ಪಟ್ಟು ಬಲದ ಶಾಕ್ ಹಾಕಿದರೆ ತುಂಬಿದಾಗ ಅವಮಂದನ 28 ಶೇಕಡಾಕ್ಕೆ ಏರುತ್ತದೆ, ಅದು ಒಳ್ಳೆಯದು. ಖಾಲಿಯಿದ್ದಾಗ 45 ಶೇಕಡಾ ಆಗುತ್ತದೆ, ಅದು ಮೊಟ್ಟೆಗೆ ಬಿರುಸು, ಬ್ರ್ಯಾಕೆಟ್ಟಿಗೂ ಹೆಚ್ಚಿನ ಎಳೆತ. ಬರೀ ಜೋಳ ಸಾಗಿಸುವವರಾಗಿದ್ದರೆ ಹಾಕಿಸಿ ಎನ್ನುತ್ತಿದ್ದೆ. ನಿಮಗೆ ಸಾಧಾರಣ ಶಾಕೇ ಸಾಕು ಎಂಬುದು ನನ್ನ ಅಭಿಪ್ರಾಯ.

ಪಟ್ಟಿಗಳನ್ನು ಮತ್ತೆ ತುಕ್ಕು ಹಿಡಿಯಲು ಬಿಟ್ಟು ಹಳೆಯ ಘರ್ಷಣೆಯನ್ನು ಮರಳಿ ಪಡೆಯೋಣವೆಂದು ಯೋಚಿಸಬೇಡಿ. ತುಕ್ಕಿನ ಗುಳಿಗಳಿಂದಲೇ ಪಟ್ಟಿಯಲ್ಲಿ ಬಿರುಕು ಹುಟ್ಟುತ್ತದೆ. ಹಳೆಯ ಎಂಜಿನ್ ಆಯಿಲ್ ಕೂಡ ಸರಿಯಾದ ಮದ್ದಲ್ಲ: ಅದು ಧೂಳನ್ನು ಹಿಡಿದು ಕೆಲವೇ ವಾರಗಳಲ್ಲಿ ಅರೆಯುವ ಹಿಟ್ಟಿನಂತಾಗುತ್ತದೆ, ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಬ್ರೇಕ್ ಡ್ರಮ್ಮಿನ ಕಡೆ ಹಾರಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಪಟ್ಟಿಗಳನ್ನು ಬಿಚ್ಚಿಸಿ, ತಂತಿ ಬ್ರಷ್‌ನಿಂದ ಉಜ್ಜಿಸಿ, ನಡುವೆ ತೆಳುವಾಗಿ ಗ್ರಾಫೈಟ್ ಗ್ರೀಸ್ ಸವರಿಸಿ. ಆದರೆ ಹೊಸ ಶಾಕ್ ಬಂದ ಮೇಲೆ ಈ ಕೆಲಸ ಮಾಡಿಸಿ, ಮೊದಲಲ್ಲ.

ಮೊಟ್ಟೆಗೆ ಇನ್ನೂ ಎರಡು ಮಾತು. ಹಗುರ ಲೋಡಿನಲ್ಲಿ ಬರುವಾಗ ಟೈರಿನ ಗಾಳಿಯನ್ನು ಗಾಡಿಯ ಕೈಪಿಡಿಯಲ್ಲಿ ಖಾಲಿ ಗಾಡಿಗೆ ಹೇಳಿದ ಮಟ್ಟಕ್ಕೆ ಇಳಿಸಿ, ಜೋಳ ಹೇರುವ ಮುನ್ನ ಮತ್ತೆ ತುಂಬಿಸಿ. ಟ್ರೇಗಳನ್ನು ಹಿಂದಿನ ಆಕ್ಸೆಲಿನ ಆಚೆಗೆ, ಡಾಲಾದ (ಹಿಂಬದಿಯ ಬಾಗಿಲಿನ) ಬಳಿ ಇಡಬೇಡಿ. ಅಲ್ಲಿ ಏರಿಳಿತ ಎಲ್ಲಕ್ಕಿಂತ ಹೆಚ್ಚು. ಕ್ಯಾಬಿನ್ನಿಗೂ ಆಕ್ಸೆಲಿಗೂ ನಡುವೆ, ಭತ್ತದ ಹೊಟ್ಟು ಸಡಿಲವಾಗಿ ತುಂಬಿದ ಚೀಲಗಳ ಮೇಲೆ ಹಲಗೆ ಹಾಸಿ ಇಡಿ. ಹೊಟ್ಟಿನ ಕಾಳುಕಾಳು ಒಂದಕ್ಕೊಂದು ಉಜ್ಜಿ ನಡುಕವನ್ನು ನುಂಗುತ್ತದೆ. ಹಳೆಯ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲಿಡುವುದನ್ನು ಕೆಲವರು ಮಾಡುತ್ತಾರೆ. ಟ್ಯೂಬು ಸ್ಪ್ರಿಂಗ್ ಮಾತ್ರ, ಅದರಲ್ಲಿ ಅವಮಂದನವಿಲ್ಲ, ಟ್ರೇಗಳು ಅದರ ಮೇಲೆ ತಮ್ಮದೇ ಇನ್ನೊಂದು ಕುಣಿತ ಶುರುಮಾಡುತ್ತವೆ.

ಬುಷ್ ನೋಡುವುದು, ಕೈಯಿಂದ ಮುಟ್ಟುವುದು, ಹಲಗೆ ಇಳಿಸುವುದು, ಇದೇ ಕ್ರಮದಲ್ಲಿ ಮುಂದುವರಿಯಿರಿ. ಹಲಗೆಯ ಪರೀಕ್ಷೆಯನ್ನು ಹೊಸ ಶಾಕ್ ಹಾಕಿಸಿದ ವಾರದಲ್ಲಿ ಅದೇ ಜಾಗದಲ್ಲಿ, ಅಷ್ಟೇ ಚೀಲ ಹೇರಿಕೊಂಡು ಇನ್ನೊಮ್ಮೆ ಮಾಡಿ ಅಂಕಿಗಳನ್ನು ಗಾಡಿಯ ಕಾಗದಗಳ ಜೊತೆ ಬರೆದಿಡಿ. ಮುಂದಿನ ವರ್ಷ ಯಾವುದಾದರೂ ಮೇಸ್ತ್ರಿ ಶಾಕ್ ಹೋಗಿದೆ ಎಂದೋ ಹೋಗಿಲ್ಲ ಎಂದೋ ಹೇಳಿದಾಗ ಹೋಲಿಸಿ ನೋಡಲು ನಿಮ್ಮ ಬಳಿ ನಿಮ್ಮದೇ ಗಾಡಿಯ ಅಳತೆ ಇರುತ್ತದೆ.